ಎನ್‌ಎಫ್‌ಎಸ್ 3, 4.0, 4.1, 4.2: ಯಾವ ನಂಬರ್ ಹಾಕಬೇಕು?

ಎನ್‌ಎಫ್‌ಎಸ್ ಅಂದರೆ ಬೇರೆ ಯಂತ್ರದಲ್ಲಿರುವ ಫೋಲ್ಡರನ್ನು ನೆಟ್‌ವರ್ಕ್ ಮೂಲಕ ನಮ್ಮದೇ ಎಂಬಂತೆ ಬಳಸುವ ಪ್ರೋಟೊಕಾಲ್. ಹಾಗೆ ಹಂಚಿದ ಫೋಲ್ಡರನ್ನು (ಶೇರ್) ತಮ್ಮ ಯಂತ್ರಕ್ಕೆ ಜೋಡಿಸಲು, ಅಂದರೆ ಮೌಂಟ್ ಮಾಡಲು ಕೂತವರು ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳೇ ಕೇಳುತ್ತಾರೆ. ನ್ಯಾಸ್ ಅನ್ನುವ, ನೆಟ್‌ವರ್ಕಿಗೆ ಹಾಕುವ ಡಿಸ್ಕ್ ಪೆಟ್ಟಿಗೆಯ ಸೆಟ್ಟಿಂಗ್ಸ್‌ನಲ್ಲಿ 3, 4, 4.1 ಅಂತ ಟಿಕ್ ಹಾಕುವ ಚೌಕಗಳಿರುತ್ತವೆ. ಲಿನಕ್ಸ್‌ನಲ್ಲಿ 'ವರ್ಸ್' ಎಂಬ ಮೌಂಟ್ ಆಯ್ಕೆ ಇರುತ್ತದೆ. ಆಫೀಸಿನಲ್ಲಿ ಒಬ್ಬರು '3 ಹಾಕಿ, ತಲೆನೋವಿಲ್ಲ' ಅನ್ನುತ್ತಾರೆ. ಇನ್ನೊಬ್ಬರು 'ಇರೋದರಲ್ಲಿ ದೊಡ್ಡ ನಂಬರ್ ಹಾಕಿ' ಅನ್ನುತ್ತಾರೆ. ಇಬ್ಬರ ಮಾತೂ ಅರ್ಧ ಸರಿ.

ಗೊಂದಲಕ್ಕೆ ಕಾರಣ ಈ ನಂಬರುಗಳೇ. 3ರಿಂದ 4ಕ್ಕೆ ಬಂದಾಗ ಪ್ರೋಟೊಕಾಲ್ ಹೆಚ್ಚುಕಮ್ಮಿ ಹೊಸದೇ ಆಯಿತು. 4.0ಯಿಂದ 4.1ಕ್ಕೆ ಬರೀ ಚುಕ್ಕೆಯ ಆಚೆ ಒಂದಂಕಿ ಬದಲಾಯಿತು, ಆದರೆ ಒಳಗಿನ ಬುನಾದಿಯನ್ನೇ ಮತ್ತೆ ಹಾಕಿದರು. 4.1ರಿಂದ 4.2ಕ್ಕೆ ಬುನಾದಿ ಅದೇ, ಮೇಲೊಂದಿಷ್ಟು ಸೌಲಭ್ಯ ಬಂತು. ನನ್ನನ್ನು ಕೇಳಿದರೆ 4.1ಕ್ಕೆ 5 ಎಂದೇ ನಂಬರ್ ಕೊಡಬೇಕಿತ್ತು. ಮೈಕ್ರೋಸಾಫ್ಟ್‌ನವರು ಹಾಗೆ ಮಾಡಿದರು ನೋಡಿ. ಇದೇ ಥರದ ಕೆಲಸ ಮಾಡುವ ಅವರ ಎಸ್‌ಎಂಬಿ ಪ್ರೋಟೊಕಾಲಿನ 2.2 ಅಂತ ಕರೆಯುತ್ತಿದ್ದ ಆವೃತ್ತಿಗೆ, ಬದಲಾವಣೆ ದೊಡ್ಡದಾಯಿತು ಅಂತ 2012ರಲ್ಲಿ 3.0 ಎಂದು ನಂಬರ್ ಬದಲಿಸಿದರು.

ಎನ್‌ಎಫ್‌ಎಸ್‌ನ ಕಥೆ ಹೀಗಿದೆ. 1 ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯ ಒಳಗೇ ಉಳಿಯಿತು. 2 ಹೊರಗೆ ಬಂದದ್ದು 1985ರಲ್ಲಿ. 3 ಬಂದದ್ದು 1995ರಲ್ಲಿ, ಆರ್‌ಎಫ್‌ಸಿ 1813 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಾಗಿ. ಆಮೇಲೆ ಜವಾಬ್ದಾರಿ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್‌ನದಾಯಿತು. 4ರ ಮೊದಲ ದಾಖಲೆ 2000ದಲ್ಲಿ ಬಂತು. ಅದನ್ನು ತಿದ್ದಿ 2003ರಲ್ಲಿ ಇನ್ನೊಂದು, 2015ರಲ್ಲಿ ಮತ್ತೊಂದು ತಂದರು. ದಾಖಲೆ ಮೂರು, ನಂಬರ್ ಮಾತ್ರ ಒಂದೇ, 4.0. 4.1 ಬಂದದ್ದು 2010ರಲ್ಲಿ, 4.2 ಬಂದದ್ದು 2016ರಲ್ಲಿ. 2ನ್ನು ಇವತ್ತು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಅದರಲ್ಲಿ 2 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎನ್‌ಎಫ್‌ಎಸ್ ಓಡುವುದು ಆರ್‌ಪಿಸಿ ಮೇಲೆ, ಅಂದರೆ ಒಂದು ಯಂತ್ರ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ವಿಧಾನದ ಮೇಲೆ. ಅಲ್ಲಿ ಎನ್‌ಎಫ್‌ಎಸ್‌ಗೆ 100003 ಎಂಬ ಪ್ರೋಗ್ರಾಂ ನಂಬರ್, ಅದರ ಪಕ್ಕ ಆವೃತ್ತಿಯ ನಂಬರ್. ಆ ಜಾಗದಲ್ಲಿ 3 ಅಥವಾ 4 ಅಂತ ಮಾತ್ರ ಬರುತ್ತದೆ. ಚುಕ್ಕೆಯ ಆಚೆಯ ಅಂಕಿ ಇರುವುದು ಒಳಗೆ, ಪ್ರತಿ ಕಾಂಪೌಂಡ್ (ಹಲವು ಕೆಲಸ ಒಟ್ಟಿಗೆ ಕಟ್ಟಿ ಕಳಿಸುವ) ಕೋರಿಕೆಯ ಜೊತೆ. ಹಾಗಾಗಿ 'ಆರ್‌ಪಿಸಿಇನ್ಫೋ' ಕಮಾಂಡ್ ಕೊಟ್ಟು 'ನಮ್ಮ ಸರ್ವರಲ್ಲಿ 4 ಇದೆ' ಅಂತ ಸಮಾಧಾನ ಪಟ್ಟುಕೊಂಡರೆ ಆಗಲಿಲ್ಲ. ಅದು 4.0 ಮಾತ್ರವೋ 4.2ರ ತನಕ ಇದೆಯೋ ಅದರಿಂದ ತಿಳಿಯುವುದಿಲ್ಲ.

ಯಾವುದರ ಮೇಲೆ ತೂಗಬೇಕು

ನಾನು ನೋಡುವುದು ಐದು ವಿಷಯ. ಎರಡೂ ತುದಿಯಲ್ಲಿ ಯಾವ ಯಂತ್ರಗಳಿವೆ ಎಂಬುದು ಮೊದಲನೆಯದು. ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ. ನಡುವೆ ಫೈರ್‌ವಾಲ್ ಅಥವಾ ನ್ಯಾಟ್ (ಒಳಗಿನ ಯಂತ್ರಗಳ ವಿಳಾಸವನ್ನು ಹೊರಗೆ ಬೇರೆಯಾಗಿ ತೋರಿಸುವ ವ್ಯವಸ್ಥೆ) ಇದೆಯೇ ಎಂಬುದು ಎರಡನೆಯದು. ಒಂದೇ ಫೈಲನ್ನು ಹಲವರು ಬರೆಯುತ್ತಾರೆಯೇ, ಅಂದರೆ ಒಬ್ಬರು ಬರೆಯುವಾಗ ಇನ್ನೊಬ್ಬರನ್ನು ತಡೆಯುವ ಲಾಕ್ ಸರಿಯಾಗಿ ನಡೆಯಬೇಕೇ, ಸರ್ವರ್ ರೀಸ್ಟಾರ್ಟ್ ಆದರೆ ಏನಾಗಬೇಕು ಎಂಬುದು ಮೂರನೆಯದು. ನೆಟ್‌ವರ್ಕಿನಲ್ಲಿರುವ ಎಲ್ಲರನ್ನೂ ನೀವು ನಂಬುತ್ತೀರಾ ಎಂಬುದು ನಾಲ್ಕನೆಯದು. ಐದನೆಯದನ್ನು ಜನ ಮರೆಯುತ್ತಾರೆ: ಇದನ್ನು ನೋಡಿಕೊಳ್ಳುವವರು ಯಾರು? ಪೂರ್ತಿ ಸಮಯದ ಅಡ್ಮಿನ್ ಇದ್ದಾರೋ, ಅಥವಾ ಕೆಲಸದ ನಡುವೆ ನೀವೇನೋ?

ವೇಗವನ್ನು ಬೇಕೆಂದೇ ಪಟ್ಟಿಯಿಂದ ಬಿಟ್ಟಿದ್ದೇನೆ. ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಹೋಗುತ್ತದೆ. ದೊಡ್ಡ ಫೈಲ್ ಓದಿದರೆ 3 ಕೂಡ ಅದನ್ನು ತುಂಬಿಸುತ್ತದೆ, 4.2 ಕೂಡ ತುಂಬಿಸುತ್ತದೆ. ಹತ್ತು ಗಿಗಾಬಿಟ್ ಅಥವಾ ಅದಕ್ಕೂ ಜಾಸ್ತಿ ಇದ್ದರೆ ಲಿನಕ್ಸ್ 5.3ರಿಂದ 'ಎನ್‌ಕನೆಕ್ಟ್' ಎಂಬ ಆಯ್ಕೆ ಇದೆ. ಒಂದೇ ಮೌಂಟಿಗೆ 16ರ ತನಕ ಟಿಸಿಪಿ ಸಂಪರ್ಕ ಕೊಡುತ್ತದೆ. ಅದು 3ರಲ್ಲೂ ನಡೆಯುತ್ತದೆ. ಹಾಗಾಗಿ ಸುಮ್ನೆ ವೇಗಕ್ಕೆಂದು ನಂಬರ್ ಬದಲಿಸಿದರೆ ಸಿಗುವುದು ಕಡಿಮೆ.

3: ಹಳೆಯದು, ಆದರೆ ಸತ್ತಿಲ್ಲ

3ರ ದೊಡ್ಡ ಗುಣ ಅದರ ಸರಳತನ. ಯಾರು ಯಾವ ಫೈಲ್ ತೆರೆದಿದ್ದಾರೆ ಎಂದು ಸರ್ವರ್ ನೆನಪಿಟ್ಟುಕೊಳ್ಳುವುದಿಲ್ಲ. ಸರ್ವರ್ ಬಿದ್ದು ಎದ್ದರೆ ಕ್ಲೈಂಟ್ (ಶೇರ್ ಬಳಸುವ ಯಂತ್ರ) ಅದೇ ಕೋರಿಕೆ ಮತ್ತೆ ಕಳಿಸುತ್ತದೆ, ಕೆಲಸ ಮುಂದುವರಿಯುತ್ತದೆ. ಏನಾದರೂ ಕೆಟ್ಟರೆ ಪ್ಯಾಕೆಟ್ ಹಿಡಿದು ನೋಡಿದಾಗ ಅರ್ಥವಾಗುವುದೂ ಸುಲಭ.

ಮತ್ತೆ, ಇದು ಎಲ್ಲ ಕಡೆ ನಡೆಯುತ್ತದೆ. ವಿಂಡೋಸ್‌ನ ಎನ್‌ಎಫ್‌ಎಸ್ ಕ್ಲೈಂಟ್ 3ರ ಆಚೆ ಹೋಗುವುದಿಲ್ಲ. ಮ್ಯಾಕ್ ನೀವೇನೂ ಹೇಳದಿದ್ದರೆ 3ರಿಂದ ಶುರು ಮಾಡುತ್ತದೆ. ಟಿವಿಗೆ ಹಾಕುವ ಹಲವು ಮೀಡಿಯಾ ಪ್ಲೇಯರ್‌ಗಳೂ ಅಷ್ಟೇ. ಅಂದ ಹಾಗೆ ಲಿನಕ್ಸ್ ಸರ್ವರಿಗೆ ಮ್ಯಾಕ್‌ನಿಂದ ಮೌಂಟ್ ಆಗದೆ ಪರ್ಮಿಷನ್ ದೋಷ ಬಂದರೆ ಆವೃತ್ತಿಯನ್ನು ಬೈಯಬೇಡಿ. ಲಿನಕ್ಸ್ ಸರ್ವರ್ 1024ಕ್ಕಿಂತ ಕೆಳಗಿನ ಪೋರ್ಟಿನಿಂದ ಬಂದ ಕೋರಿಕೆ ಮಾತ್ರ ಒಪ್ಪುತ್ತದೆ, ಮ್ಯಾಕ್ ಮೇಲಿನ ಪೋರ್ಟ್ ಬಳಸುತ್ತದೆ. ಮ್ಯಾಕ್ ಕಡೆ 'ರೆಸ್ವ್‌ಪೋರ್ಟ್' ಎಂಬ ಆಯ್ಕೆ ಹಾಕಿದರೆ ಸರಿಹೋಗುತ್ತದೆ.

ಈ ಸರಳತನಕ್ಕೆ ಬೆಲೆಯೂ ಇದೆ. ಮೌಂಟ್ ಮಾಡಲು ಒಂದು ಪ್ರೋಟೊಕಾಲ್, ಲಾಕಿಗೆ ಇನ್ನೊಂದು, ಯಾರು ರೀಸ್ಟಾರ್ಟ್ ಆದರು ಅಂತ ತಿಳಿಸಲು ಮತ್ತೊಂದು. ಪೋರ್ಟ್ 2049ರ ಜೊತೆ 111, ಅದರ ಮೇಲೆ ಎಲ್ಲೆಲ್ಲೋ ತೆರೆಯುವ ಪೋರ್ಟುಗಳು. ಅವನ್ನು ಗಟ್ಟಿ ಮಾಡಿ ಇಡಬಹುದು, ಆದರೆ ಅದನ್ನು ಯಾರಾದರೂ ಕೂತು ಮಾಡಬೇಕು. ಲಾಕ್ ಹಿಡಿದಿದ್ದ ಲ್ಯಾಪ್‌ಟಾಪ್ ಸತ್ತುಹೋಗಿ ಮತ್ತೆ ಆನ್ ಆಗದೇ ಇದ್ದರೆ ಆ ಲಾಕ್ ಸರ್ವರಲ್ಲಿ ಹಾಗೇ ಕೂತಿರುತ್ತದೆ, ಕೈಯಾರೆ ತೆಗೆಯುವ ತನಕ.

3 ಹಾಕುವುದಾದರೆ, ಡೇಟಾ ಸಾಗಿಸುವ ವಿಧಾನಗಳಲ್ಲಿ ಯುಡಿಪಿ ಬಿಟ್ಟು ಟಿಸಿಪಿ ಮೇಲೇ ಹಾಕಿ. ಹಳೆಯ ಟಿಪ್ಪಣಿಗಳಲ್ಲಿ ಯುಡಿಪಿ ವೇಗ ಅಂತ ಬರೆದಿರುತ್ತಾರೆ. ವೇಗದ ನೆಟ್‌ವರ್ಕಿನಲ್ಲಿ ಯುಡಿಪಿ ತುಂಡುಗಳು ತಪ್ಪಾಗಿ ಜೋಡಣೆಯಾಗಿ, ಸದ್ದಿಲ್ಲದೆ ಡೇಟಾ ಕೆಡುವ ಅಪಾಯ ಇದೆ. ಲಿನಕ್ಸ್‌ನ ಕೈಪಿಡಿಯೇ ಆ ಎಚ್ಚರಿಕೆ ಕೊಡುತ್ತದೆ.

4.0: ಬೇರೆ ದಾರಿ ಇಲ್ಲದಿದ್ದರೆ ಮಾತ್ರ

4ರಲ್ಲಿ ಎಲ್ಲವೂ ಒಂದೇ ಪೋರ್ಟಿಗೆ ಬಂತು, 2049. ಲಾಕ್ ಒಳಗೇ ಸೇರಿತು, ಅದಕ್ಕೊಂದು ಅವಧಿಯೂ ಬಂತು. ಲಿನಕ್ಸ್ ಸರ್ವರಲ್ಲಿ ಅದು ಸಾಮಾನ್ಯವಾಗಿ 90 ಸೆಕೆಂಡು. ಅಷ್ಟರಲ್ಲಿ ಕ್ಲೈಂಟ್ 'ಇದ್ದೇನೆ' ಅನ್ನದಿದ್ದರೆ ಸರ್ವರ್ ಅದರ ಲಾಕನ್ನು ಬೇರೆಯವರಿಗೆ ಬಿಟ್ಟುಕೊಡಬಹುದು. ಇವೆಲ್ಲ ಒಳ್ಳೆಯದೇ. ಆದರೆ ಈ ಒಳ್ಳೆಯದೆಲ್ಲ 4.1ರಲ್ಲೂ ಇದೆ, 4.0ಯ ತೊಂದರೆಗಳು ಅಲ್ಲಿಲ್ಲ. ಮ್ಯಾಕ್‌ನಿಂದ ಒಂದೇ ಪೋರ್ಟಿನಲ್ಲಿ ಕೆಲಸ ಆಗಬೇಕು, ಅಥವಾ ಸರ್ವರ್ ಹಳೆಯದು ಅನ್ನುವಾಗ ಮಾತ್ರ 4.0.

4.1: ಚುಕ್ಕೆಯ ಹಿಂದಿನ ದೊಡ್ಡ ಬದಲಾವಣೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ನಿಜವಾದ ವ್ಯತ್ಯಾಸ ಇರುವುದು ಇಲ್ಲೇ.

ನೀವು ಒಂದು ಫೋಲ್ಡರ್ ಅಳಿಸಲು ಹೇಳಿದಿರಿ ಅಂದುಕೊಳ್ಳಿ. ಸರ್ವರ್ ಅಳಿಸಿತು, ಆದರೆ ಉತ್ತರ ದಾರಿಯಲ್ಲಿ ಕಳೆದುಹೋಯಿತು. ಕ್ಲೈಂಟ್ ಮತ್ತೆ ಕೇಳುತ್ತದೆ. ಸರ್ವರ್ 'ಅಂಥ ಫೋಲ್ಡರೇ ಇಲ್ಲ' ಅನ್ನುತ್ತದೆ. ಕೆಲಸ ಆಗಿದೆ, ಆದರೆ ನಿಮ್ಮ ಸ್ಕ್ರಿಪ್ಟಿಗೆ ಸಿಕ್ಕಿದ್ದು ದೋಷ. 3ರಲ್ಲೂ 4.0ಯಲ್ಲೂ ಇದನ್ನು ತಡೆಯಲು ಸರ್ವರ್ ಇತ್ತೀಚಿನ ಉತ್ತರಗಳನ್ನು ಒಂದಷ್ಟು ಹೊತ್ತು ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ. ಲೋಡ್ ಜಾಸ್ತಿಯಾದರೆ ಹಳೆಯ ಉತ್ತರ ಕ್ಯಾಶಿನಿಂದ ಹೊರಗೆ ಹೋಗುತ್ತದೆ. ಆಗ ಗ್ಯಾರಂಟಿ ಇಲ್ಲ.

4.1ರಲ್ಲಿ ಸೆಷನ್ ಎಂಬುದು ಬಂತು. ಪ್ರತಿ ಕ್ಲೈಂಟಿಗೂ ಇಷ್ಟು ಸ್ಲಾಟ್, ಪ್ರತಿ ಸ್ಲಾಟಿಗೂ ಓಡುವ ನಂಬರ್. ದರ್ಶಿನಿಯ ಕೌಂಟರಿನಲ್ಲಿ ಅದೇ ಟೋಕನ್ ಎರಡನೇ ಸಲ ತೋರಿಸಿದರೆ ಇನ್ನೊಂದು ದೋಸೆ ಕೊಡುವುದಿಲ್ಲ, ಅಲ್ವಾ? ಹಾಗೇ ಇಲ್ಲೂ ಅದೇ ನಂಬರ್ ಮತ್ತೆ ಬಂದರೆ ಸರ್ವರ್ ಹೊಸದಾಗಿ ಕೆಲಸ ಮಾಡುವುದಿಲ್ಲ, ಉಳಿಸಿಟ್ಟ ಉತ್ತರವನ್ನೇ ಕೊಡುತ್ತದೆ. ಒಂದು ಕೋರಿಕೆ ಒಂದೇ ಸಲ ನಡೆಯುತ್ತದೆ. ನೆಟ್‌ವರ್ಕ್ ಆಗಾಗ ಕೈಕೊಡುವ ಜಾಗದಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಎರಡನೆಯದು ನ್ಯಾಟ್ ವಿಷಯ. 4ರಲ್ಲಿ ಡೆಲಿಗೇಶನ್ ಇದೆ. 'ಈ ಫೈಲ್ ಸದ್ಯಕ್ಕೆ ನೀನೊಬ್ಬನೇ ಬಳಸುತ್ತಿದ್ದೀಯ, ಪದೇ ಪದೇ ನನ್ನನ್ನು ಕೇಳಬೇಡ' ಅಂತ ಸರ್ವರ್ ಕ್ಲೈಂಟಿಗೆ ಬಿಟ್ಟುಕೊಡುವುದು. ಅದನ್ನು ವಾಪಸ್ ಪಡೆಯಲು ಸರ್ವರ್ ಕ್ಲೈಂಟನ್ನು ಕರೆಯಬೇಕು. 4.0ಯಲ್ಲಿ ಸರ್ವರ್ ತಾನೇ ಕ್ಲೈಂಟ್ ಕಡೆಗೆ ಹೊಸ ಸಂಪರ್ಕ ತೆರೆಯಬೇಕಿತ್ತು. ನಡುವೆ ನ್ಯಾಟ್ ಅಥವಾ ಫೈರ್‌ವಾಲ್ ಇದ್ದರೆ ಆ ಕರೆ ತಲುಪುವುದಿಲ್ಲ. ಆಗ ಸರ್ವರ್ ಡೆಲಿಗೇಶನ್ ಕೊಡುವುದನ್ನೇ ಬಿಡುತ್ತದೆ. ಕೆಲಸ ನಡೆಯುತ್ತದೆ, ಲಾಭ ಸಿಗುವುದಿಲ್ಲ. 4.1ರಲ್ಲಿ ಕ್ಲೈಂಟ್ ತೆರೆದ ಸಂಪರ್ಕದಲ್ಲೇ ಸರ್ವರ್ ಹಿಂದಕ್ಕೆ ಮಾತಾಡುತ್ತದೆ.

ಮೂರನೆಯದು ರೀಸ್ಟಾರ್ಟ್. 4ರಲ್ಲಿ ಸರ್ವರ್ ಎದ್ದ ಮೇಲೆ ಹಳೆಯ ಕ್ಲೈಂಟುಗಳು ತಮ್ಮ ಲಾಕ್ ವಾಪಸ್ ಕೇಳಲು ಒಂದು ಗಡುವು ಇರುತ್ತದೆ. ಅಲ್ಲಿಯ ತನಕ ಹೊಸದಾಗಿ ಫೈಲ್ ತೆರೆಯುವುದೂ ನಿಲ್ಲುತ್ತದೆ. 3ರಿಂದ ಬಂದವರು ಇದನ್ನು ಕಂಡು 'ಹ್ಯಾಂಗ್ ಆಯಿತು' ಅಂತ ಗಾಬರಿಯಾಗುತ್ತಾರೆ. ಒಂದೂವರೆ ನಿಮಿಷ ಕಾದರೆ ತಾನೇ ಸರಿಹೋಗುತ್ತದೆ. 4.1ರಲ್ಲಿ 'ನನ್ನದು ಮುಗಿಯಿತು' ಅಂತ ಕ್ಲೈಂಟ್ ಹೇಳುವ ವ್ಯವಸ್ಥೆ ಇದೆ. ಎಲ್ಲರೂ ಹೇಳಿದರೆ ಸರ್ವರ್ ಗಡುವನ್ನು ಬೇಗ ಮುಗಿಸಬಹುದು.

ಪಿಎನ್‌ಎಫ್‌ಎಸ್ ಕೂಡ 4.1ರದ್ದೇ. ಫೈಲಿನ ಹೆಸರು, ಹಕ್ಕು ಇತ್ಯಾದಿ ಒಂದು ಸರ್ವರಲ್ಲಿ, ಡೇಟಾ ಹಲವು ಸರ್ವರುಗಳಲ್ಲಿ, ಕ್ಲೈಂಟ್ ನೇರವಾಗಿ ಅವುಗಳಿಂದಲೇ ಓದುವುದು. ಜಾಹೀರಾತಿನಲ್ಲಿ 4.1 ಅಂದರೆ ಇದೇ ಎಂಬಂತೆ ಹೇಳುತ್ತಾರೆ. ಸರ್ವರ್ ಒಂದೇ ಇರುವ ಆಫೀಸಿಗೆ ಇದರಿಂದ ಏನೂ ಸಿಗುವುದಿಲ್ಲ. ದೊಡ್ಡ ಕ್ಲಸ್ಟರ್ ಕಟ್ಟುವವರು ಮಾತ್ರ ಯೋಚಿಸಲಿ. ಅವರು ಹೇಗೂ ಸ್ಟೋರೇಜ್ ಕಂಪನಿಯವರ ಜೊತೆ ಕೂತು ಮಾತಾಡುವವರೇ.

4.1ಕ್ಕೆ ಹೋಗುವ ಮುಂಚೆ ಒಂದು ಎಚ್ಚರಿಕೆ, 4.xಗೆಲ್ಲ ಇದು ಅನ್ವಯ. ಕ್ಲೈಂಟ್ ತನ್ನ ಗುರುತು ಹೇಳಲು ಮುಖ್ಯವಾಗಿ ಹೋಸ್ಟ್‌ನೇಮ್ ಬಳಸುತ್ತದೆ. ಒಂದು ವರ್ಚುವಲ್ ಮಷಿನ್ ಮಾಡಿ, ಅದನ್ನೇ ಹತ್ತು ಸಲ ಕ್ಲೋನ್ ಮಾಡಿ, ಎಲ್ಲಕ್ಕೂ 'ಲೋಕಲ್‌ಹೋಸ್ಟ್' ಅಂತಲೇ ಹೆಸರು ಬಿಟ್ಟರೆ ಸರ್ವರಿಗೆ ಅವೆಲ್ಲ ಒಬ್ಬನೇ ಪದೇ ಪದೇ ರೀಸ್ಟಾರ್ಟ್ ಆದಂತೆ ಕಾಣುತ್ತದೆ. ಒಬ್ಬರ ಲಾಕ್ ಇನ್ನೊಬ್ಬರಿಂದ ಹಾರಿಹೋಗುತ್ತದೆ. ಪ್ರತಿ ಯಂತ್ರಕ್ಕೂ ಬೇರೆ ಹೆಸರು ಇಡಿ.

4.2: ಬೇಕಾದವರಿಗೆ ತುಂಬಾ ಬೇಕು

4.2ರಲ್ಲಿ ಹೊಸದಾಗಿ ಬಂದ ಸೌಲಭ್ಯಗಳೆಲ್ಲ ಐಚ್ಛಿಕ. ಸರ್ವರ್ 4.2 ಅಂತ ಹೇಳಿಕೊಂಡು ಅವುಗಳಲ್ಲಿ ಒಂದನ್ನೂ ಕೊಡದೇ ಇರಬಹುದು, ನಿಯಮದ ಪ್ರಕಾರ ಅದು ತಪ್ಪಲ್ಲ. ಇದರ ಮೇಲೆ 2017ರ ಆರ್‌ಎಫ್‌ಸಿ 8178 ಇನ್ನೊಂದು ಬಾಗಿಲು ತೆರೆಯಿತು. ನಂಬರ್ ಬದಲಿಸದೆ 4.2ಕ್ಕೇ ಹೊಸ ಸೌಲಭ್ಯ ಸೇರಿಸಬಹುದು. ಅದೇ ವರ್ಷ ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ಗಳು (ಫೈಲಿಗೆ ಅಂಟಿಸುವ ಹೆಚ್ಚುವರಿ ಮಾಹಿತಿ) ಹಾಗೇ ಸೇರಿದವು. ಲಿನಕ್ಸ್‌ಗೆ ಅವು ಬಂದದ್ದು 5.9ರಲ್ಲಿ. ಅಂದರೆ ಎರಡು ಯಂತ್ರಗಳಲ್ಲೂ 4.2 ಅಂತ ಕಂಡರೂ ಎರಡೂ ಒಂದೇ ಅಲ್ಲದಿರಬಹುದು. ಖರೀದಿ ಮಾಡುವಾಗ '4.2 ಇದೆಯಾ' ಅಂತ ಕೇಳಬೇಡಿ, 'ಸರ್ವರ್ ಒಳಗೇ ಕಾಪಿ ಆಗುತ್ತದಾ' ಅಂತ ಕೇಳಿ.

ನನಗೆ 4.2ರಲ್ಲಿ ಹೆಚ್ಚು ಇಷ್ಟವಾದದ್ದೂ ಆ ಕಾಪಿಯೇ. 50 ಜಿಬಿಯ ಡಿಸ್ಕ್ ಇಮೇಜನ್ನು ಅದೇ ಶೇರಿನಲ್ಲಿ ಇನ್ನೊಂದು ಫೋಲ್ಡರಿಗೆ ಕಾಪಿ ಮಾಡುತ್ತೀರಿ. ಹಳೆಯ ದಾರಿಯಲ್ಲಿ ಅಷ್ಟೂ ಡೇಟಾ ನಿಮ್ಮ ಯಂತ್ರಕ್ಕೆ ಬಂದು ಮತ್ತೆ ಸರ್ವರಿಗೆ ಹೋಗುತ್ತದೆ. ಗಿಗಾಬಿಟ್‌ನಲ್ಲಿ ಏಳೆಂಟು ನಿಮಿಷವಾದರೂ ಹಿಡಿಯುತ್ತದೆ. 4.2ರಲ್ಲಿ ಸರ್ವರಿಗೆ 'ನೀನೇ ಮಾಡಿಕೋ' ಅಂತ ಹೇಳಬಹುದು. ಸರ್ವರಲ್ಲಿ ರೀಫ್ಲಿಂಕ್ (ಡೇಟಾ ನಕಲಿಸದೆ ಎರಡೂ ಫೈಲಿಗೆ ಹಂಚುವ ಸೌಲಭ್ಯ) ಇರುವ ಎಕ್ಸ್‌ಎಫ್‌ಎಸ್ ಅಥವಾ ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಂ ಇದ್ದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. 2021ರಲ್ಲಿ ಬಂದ ಕೋರ್‌ಯುಟಿಲ್ಸ್ 9.0ರಿಂದ ಲಿನಕ್ಸ್‌ನ ಮಾಮೂಲಿ 'ಸಿಪಿ' ಕಮಾಂಡ್ ತಾನಾಗಿಯೇ ಈ ದಾರಿ ಹಿಡಿಯುತ್ತದೆ. ಹತ್ತು ಗಿಗಾಬಿಟ್ ಸ್ವಿಚ್ ಕೊಳ್ಳುವ ಯೋಚನೆ ಇದ್ದರೆ ಮೊದಲು ನಿಮ್ಮ ಟ್ರಾಫಿಕ್ಕಿನಲ್ಲಿ ಇಂಥ ಕಾಪಿ ಎಷ್ಟು ಅಂತ ನೋಡಿ. ದುಡ್ಡು ಉಳಿಯಬಹುದು.

ಖಾಲಿ ಜಾಗ ಇರುವ ಫೈಲುಗಳನ್ನು ಖಾಲಿ ಜಾಗವಾಗಿಯೇ ನೋಡುವುದು, ಜಾಗವನ್ನು ಮೊದಲೇ ಕಾಯ್ದಿರಿಸುವುದು, ಎಸ್‌ಇ ಲಿನಕ್ಸ್‌ನ ಭದ್ರತಾ ಲೇಬಲ್ ಇವೂ ಇದರಲ್ಲಿವೆ. ವರ್ಚುವಲ್ ಮಷಿನ್ ಇಮೇಜ್ ಇಡುವವರಿಗೆ ಮೊದಲೆರಡು ಮುಖ್ಯ.

ನಂಬರಿಗೂ ಇದಕ್ಕೂ ಸಂಬಂಧ ಕಮ್ಮಿ

ಭದ್ರತೆ ವಿಷಯದಲ್ಲಿ '4 ಹಾಕಿದರೆ ಸೇಫ್' ಎಂಬ ನಂಬಿಕೆ ಇದೆ. 4ರಲ್ಲಿ ಕರ್ಬರಾಸ್ (ಬಳಕೆದಾರ ಯಾರೆಂದು ಖಚಿತಪಡಿಸುವ ವ್ಯವಸ್ಥೆ) ಬೆಂಬಲ ಇರಲೇಬೇಕು ಎಂಬ ನಿಯಮ ಇರುವುದು ನಿಜ. ಬಳಸಲೇಬೇಕು ಎಂದಿಲ್ಲ. ಸಾಮಾನ್ಯವಾಗಿ ಹಾಕುವ 'ಸಿಸ್' ವಿಧಾನದಲ್ಲಿ ಕ್ಲೈಂಟ್ ಹೇಳಿದ ಯೂಸರ್ ನಂಬರನ್ನೇ ಸರ್ವರ್ ನಂಬುತ್ತದೆ. 3ರಲ್ಲೂ ಹಾಗೇ, 4.2ರಲ್ಲೂ ಹಾಗೇ. ಒಬ್ಬರಿಗೆ 16ಕ್ಕಿಂತ ಜಾಸ್ತಿ ಗ್ರೂಪ್ ಇದ್ದರೆ ಉಳಿದವು ಉದುರಿಹೋಗುವ ಸಮಸ್ಯೆಯೂ ಆ ವಿಧಾನದ್ದೇ.

ಡೇಟಾ ಮುಚ್ಚಿ ಕಳಿಸಬೇಕಾದರೆ ಎರಡು ದಾರಿ. ಕರ್ಬರಾಸ್ ಈಗಾಗಲೇ ಇದ್ದರೆ 'ಕೆಆರ್‌ಬಿ5ಪಿ' ಹಾಕಿ. ಇಲ್ಲದಿದ್ದರೆ ಅದನ್ನು ಕಟ್ಟಿ ನಿಲ್ಲಿಸುವುದು ಸಣ್ಣ ಕೆಲಸವಲ್ಲ. ಆಗ 2022ರ ಆರ್‌ಎಫ್‌ಸಿ 9289ರ ಪ್ರಕಾರ ಬಂದ ಟಿಎಲ್‌ಎಸ್ ನೋಡಿ. ಲಿನಕ್ಸ್ ಕರ್ನೆಲ್‌ಗೆ ಅದು 2023ರಲ್ಲಿ ಸೇರಿತು. ಆರ್‌ಪಿಸಿ ಮಟ್ಟದಲ್ಲೇ ಇರುವುದರಿಂದ ಅದು ಎನ್‌ಎಫ್‌ಎಸ್‌ನ ಒಂದೇ ನಂಬರಿಗೆ ಅಂಟಿಕೊಂಡಿಲ್ಲ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಇನ್ನೊಂದು ವಿಷಯ. 3ರಲ್ಲಿ ಹೆಸರು ಅಂದರೆ ಬರೀ ಬೈಟುಗಳ ಸಾಲು. 4 ಯುಟಿಎಫ್-8 ಅಂದಿತು, ಆಚರಣೆಯಲ್ಲಿ ಸರ್ವರುಗಳು ಅದನ್ನು ಅಷ್ಟು ಬಿಗಿಯಾಗಿ ಹಿಡಿಯಲಿಲ್ಲ, 2015ರ ದಾಖಲೆಯೂ ಸಡಿಲಿಸಿತು. ತೊಂದರೆ ಎಲ್ಲಿ ಬರುತ್ತದೆ ಅಂದರೆ, 'ಕೋ' ಎಂಬ ಅಕ್ಷರವನ್ನು ಯೂನಿಕೋಡ್‌ನಲ್ಲಿ ಕೂಡಿಸಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಬಿಡಿಸಿ ಇಡುತ್ತಿತ್ತು. ಅಲ್ಲಿಂದ ಕಾಪಿ ಮಾಡಿದ 'ಕೋಲಾರ' ಫೋಲ್ಡರೂ ಲಿನಕ್ಸ್‌ನಲ್ಲಿ ಟೈಪ್ ಮಾಡಿದ 'ಕೋಲಾರ' ಫೋಲ್ಡರೂ ಪಕ್ಕಪಕ್ಕ ಎರಡಾಗಿ ಕೂರಬಹುದು. ಮ್ಯಾಕ್‌ನ ಮೌಂಟ್ ಆಯ್ಕೆಗಳಲ್ಲಿ 'ಎನ್‌ಎಫ್‌ಸಿ' ಎಂಬುದಿದೆ, ಅದನ್ನು ಹಾಕಿ. ಲಿನಕ್ಸ್‌ನ ಎಕ್ಸ್ಟ್4ರಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆಗೂ ಮೂರು ಬೈಟ್. ಉದ್ದದ ಹೆಸರು 85 ಚಿಹ್ನೆಗೇ ಮುಗಿಯುತ್ತದೆ.

ನಿಮ್ಮದು ಯಾವ ಪೈಕಿ?

ಮನೆಯಲ್ಲಿ ನ್ಯಾಸ್, ಟಿವಿ, ಒಂದು ಮ್ಯಾಕ್, ಬರೀ ಸಿನಿಮಾ ಫೋಟೋ ಅನ್ನುವವರು 3 ಹಾಕಿ ಮುಗಿಸಿ. ವಿಂಡೋಸ್ ಯಂತ್ರಗಳೇ ಜಾಸ್ತಿ ಇದ್ದರೆ ಎನ್‌ಎಫ್‌ಎಸ್ ಬಿಟ್ಟು ಎಸ್‌ಎಂಬಿ 3 ಹಾಕಿ. ಎಸ್‌ಎಂಬಿ 1 ಮಾತ್ರ ಎಲ್ಲೂ ತೆರೆದಿಡಬೇಡಿ, 2017ರ ವಾನ್ನಾಕ್ರೈ ಹರಡಿದ್ದು ಅದರ ತೂತಿನಿಂದಲೇ.

ಎಲ್ಲ ಲಿನಕ್ಸ್ ಇರುವ ಸಣ್ಣ ಆಫೀಸು, ಕಾಲೇಜಿನ ಲ್ಯಾಬು, ಹೋಮ್ ಡೈರೆಕ್ಟರಿ ಸರ್ವರಲ್ಲಿ ಇರುವ ವ್ಯವಸ್ಥೆ: 4.2. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರಿಂದ ಕ್ಲೈಂಟ್ ತಾನೇ ಅಲ್ಲಿಂದ ಶುರು ಮಾಡುತ್ತದೆ. ನೀವು ಏನೂ ಮಾಡಬೇಕಿಲ್ಲ. ಒಂದೇ ಒಂದು ಮಾತು, ಯಾವ ನಂಬರ್ ಹಾಕಿದರೂ ಎಸ್‌ಕ್ಯೂಲೈಟ್ ಡೇಟಾಬೇಸನ್ನು ಶೇರಿನ ಮೇಲೆ ಇಟ್ಟು ಹಲವು ಯಂತ್ರಗಳಿಂದ ಬರೆಯಬೇಡಿ.

ಕ್ಲೌಡಿನಲ್ಲಿ ಆಯ್ಕೆ ನಿಮ್ಮ ಕೈಯಲ್ಲಿ ಅಷ್ಟಾಗಿ ಇಲ್ಲ. ಅಮೆಜಾನ್ ಇಎಫ್‌ಎಸ್ ಕೊಡುವುದು 4.0 ಮತ್ತು 4.1, ಅದರಲ್ಲಿ 4.1 ತೆಗೆದುಕೊಳ್ಳಿ. ಅಝೂರ್ ಫೈಲ್ಸ್ 4.1, ಅಝೂರ್ ಬ್ಲಾಬ್ 3.

ವರ್ಚುವಲ್ ಮಷಿನ್ ಓಡಿಸಲು ವಿಎಂವೇರ್ ಇಎಸ್‌ಎಕ್ಸ್‌ಐ ಇಟ್ಟುಕೊಂಡವರು ಜಾಸ್ತಿ ಹುಷಾರಾಗಿರಬೇಕು. ಅಲ್ಲಿ 3 ಇದೆ, ಅದರ ವಿಸ್ಫಿಯರ್ 6.0 ಆವೃತ್ತಿಯಿಂದ 4.1 ಇದೆ, 4.0 ಇಲ್ಲವೇ ಇಲ್ಲ. ಎರಡಕ್ಕೂ ಲಾಕ್ ಮಾಡುವ ರೀತಿ ಬೇರೆ, ಒಂದು ಇನ್ನೊಂದನ್ನು ಗುರುತಿಸುವುದಿಲ್ಲ. ಒಂದೇ ಡೇಟಾಸ್ಟೋರನ್ನು (ವರ್ಚುವಲ್ ಡಿಸ್ಕ್‌ಗಳನ್ನು ಇಡುವ ಜಾಗ) ಒಂದು ಹೋಸ್ಟ್ 3ರಲ್ಲಿ, ಇನ್ನೊಂದು ಹೋಸ್ಟ್ 4.1ರಲ್ಲಿ ಮೌಂಟ್ ಮಾಡಿದರೆ ಒಂದೇ ವರ್ಚುವಲ್ ಡಿಸ್ಕನ್ನು ಇಬ್ಬರೂ ತಮ್ಮದೆಂದು ಬರೆದು ಹಾಳು ಮಾಡಬಹುದು. ಬದಲಿಸುವುದಾದರೆ ಮಷಿನ್‌ಗಳನ್ನು ನಿಲ್ಲಿಸಿ, ಎಲ್ಲ ಹೋಸ್ಟ್‌ಗಳಿಂದಲೂ ತೆಗೆದು, ಒಟ್ಟಿಗೇ ಹಾಕಿ.

ಕೊನೆಗೆ, ನಂಬರನ್ನು ಸೆಟ್ಟಿಂಗಿನಲ್ಲಿ ಗಟ್ಟಿಯಾಗಿ ಬರೆಯಬೇಕೇ, ಅಥವಾ ಎರಡೂ ಕಡೆಯವರು ತಾವೇ ಮಾತಾಡಿಕೊಳ್ಳಲಿ ಅಂತ ಬಿಡಬೇಕೇ? ಈಗಿನ ಲಿನಕ್ಸ್ 4.2ರಿಂದ ಶುರು ಮಾಡಿ, ಸರ್ವರ್ ಒಪ್ಪದಿದ್ದರೆ 4.1, 4.0, ಕೊನೆಗೆ 3ಕ್ಕೆ ತಾನೇ ಇಳಿಯುತ್ತದೆ. ಬಹುಪಾಲು ಜನರಿಗೆ ಅದೇ ಸಾಕು. ಆದರೆ ಇಳಿದದ್ದನ್ನು ಅದು ನಿಮಗೆ ಬಂದು ಹೇಳುವುದಿಲ್ಲ. ಸೆಷನ್ ಅಥವಾ ಸರ್ವರ್ ಕಾಪಿಯನ್ನು ನಂಬಿ ಕೆಲಸ ಇಟ್ಟುಕೊಂಡಿದ್ದರೆ 'ವರ್ಸ್=4.1' ಅಥವಾ 'ವರ್ಸ್=4.2' ಅಂತ ಬರೆದೇ ಬಿಡಿ. ಸರ್ವರ್ ಕೊಡದಿದ್ದರೆ ಮೌಂಟ್ ಆಗದೆ ದೋಷ ತೋರಿಸುತ್ತದೆ, ಅಷ್ಟಾದರೂ ಗೊತ್ತಾಗುತ್ತದೆ. ಯಾಕೆ ಗಟ್ಟಿ ಮಾಡಿದಿರಿ ಅಂತ ಪಕ್ಕದಲ್ಲಿ ಒಂದು ಸಾಲು ಟಿಪ್ಪಣಿ ಹಾಕಿ. ಎರಡರಲ್ಲಿ ಯಾವುದು ಮಾಡಿದರೂ ಮೌಂಟ್ ಆದ ಮೇಲೆ 'ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ' ಕಮಾಂಡ್ ಓಡಿಸಿ. ನಿಜಕ್ಕೂ ಯಾವ ನಂಬರಿನಲ್ಲಿ ಇದ್ದೀರಿ ಅಂತ ಅದು ತೋರಿಸುತ್ತದೆ.